ಹದಿಮೂರನೇ ವರ್ಷದ ಹುರಿ

ಚಾಚಾರ ಹುಬ್ಬಿನಲ್ಲಿ ಯಾವಾಗಲೂ ಒಂದೆರಡು ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿದ್ದವು. ಮುಖ ತೊಳೆದು ನಮಾಜಿಗೆ ಹೊರಟಾಗಲೂ ಹೋಗುತ್ತಿರಲಿಲ್ಲ. ಬಲಗೈಯ ತೋರುಬೆರಳಿನ ಒಳಮೈಯಲ್ಲಿ ಹುರಿ ಎಳೆದೂ ಎಳೆದೂ ಬಿದ್ದ ಗೀರು ಎಷ್ಟು ಆಳವಾಗಿತ್ತೆಂದರೆ ಅದರಲ್ಲಿ ಅಕ್ಕಿಕಾಳು ಇಟ್ಟರೆ ನಿಲ್ಲುತ್ತಿತ್ತು. ಶಿಕಾರಿಪುರದ ಹಳೇ ಪೇಟೆಯಲ್ಲಿ ಅವರದು ಹಾಸಿಗೆ ದಿಂಬಿನ ಅಂಗಡಿ. ಹತ್ತಿ ಹಿಂಜುವ ಬಿಲ್ಲು ಸೂರಿಗೆ ತೂಗುಬಿದ್ದಿರುತ್ತಿತ್ತು. ಅದರ ಕರುಳಿನ ಹುರಿಯನ್ನು ಅವರು ಮೀಟಿದರೆ ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ನಿಜ ಗೊತ್ತಿರುವವನು ಈಗ ನಾನೊಬ್ಬನೇ. ನನಗೆ ಎಪ್ಪತ್ತು ದಾಟಿದೆ.

ನಾನು ಸೊರಬ ತಾಲ್ಲೂಕಿನ ಹೊಸಬಾಳೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಇಲ್ಲಿ ಕೆಲಸ ಮಾಡಿ, ಮದುವೆಯಾದ ಮೇಲೆ ಶಿಕಾರಿಪುರಕ್ಕೆ ಬಂದು ಚಾಚಾರ ಅಂಗಡಿಯಲ್ಲಿ ಹಾಸಿಗೆ ಹೊಲಿಯಲು ಕೂತೆ. ವರ್ಷಕ್ಕೊಮ್ಮೆ ಹತ್ತು ದಿನ ಅಂಗಡಿಗೆ ಬೀಗ ಬೀಳುತ್ತಿತ್ತು. ಚಾಚಾ ಒಂದು ಕಬ್ಬಿಣದ ಪೆಟ್ಟಿಗೆ ಹಿಡಿದು ದೊಡ್ಡ ನಗರವೊಂದಕ್ಕೆ ಹೋಗುತ್ತಿದ್ದರು. ಆ ನಗರದ ಹೆಸರು ಇಲ್ಲಿ ಬೇಡ. ಅಲ್ಲಿ ದೊಡ್ಡ ಸೂರಿನ ಕೆಳಗೆ, ವಿದ್ಯುತ್ ದೀಪಗಳ ಬೆಳಕಿನಲ್ಲಿ, ಹೊರದೇಶಗಳ ಗಂಡಸರು ಬಂದು ಟೆನಿಸ್ ಆಡುತ್ತಿದ್ದರು. ಆಟವೇ ಅವರ ದುಡಿಮೆ. ಅವರ ರಾಕೆಟ್‌ಗಳಿಗೆ ಹುರಿ ಕಟ್ಟುತ್ತಿದ್ದವರು ನಮ್ಮ ಚಾಚಾ.

ಹಾಸಿಗೆ ಹೊಲಿಯುವವರು ಅಲ್ಲಿಗೆ ಹೋದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಿದ್ದರು. ಅಂಜನಾಪುರದ ಕೆರೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರ್ ಒಬ್ಬರು ತಮ್ಮ ಬಂಗಲೆಯ ಪಕ್ಕ ಮಣ್ಣಿನ ಅಂಕಣ ಮಾಡಿಸಿಕೊಂಡು ಟೆನಿಸ್ ಆಡುತ್ತಿದ್ದರಂತೆ. ಒಮ್ಮೆ ಅವರ ರಾಕೆಟ್ಟಿನ ಹುರಿ ಹರಿಯಿತು. ಅದೂ ಕರುಳಿನ ಹುರಿಯೇ ಎಂದು ಯಾರೋ ಹೇಳಿ ಚಾಚಾರ ಹತ್ತಿರ ಕಳಿಸಿದರು. ಚಾಚಾ ಅದನ್ನು ಹಲಗೆಗೆ ಬಿಗಿದು, ಅಕ್ಕಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಬಿಗಿ ನೋಡಿ ಕಟ್ಟಿಕೊಟ್ಟರು. ಮುಂದೆ ಆ ಎಂಜಿನಿಯರ್ ವರ್ಗವಾಗಿ ನಗರಕ್ಕೆ ಹೋಗಿ, ಪಂದ್ಯಾವಳಿ ನಡೆಸುವ ಸಮಿತಿಯಲ್ಲಿ ಸೇರಿದರು. ಮೂರನೇ ವರ್ಷದ ಪಂದ್ಯಾವಳಿಗೆ ಚಾಚಾರಿಗೆ ಕಾಗದ ಬಂತು.

ಆ ಪಂದ್ಯಾವಳಿಯ ಇತಿಹಾಸ ಚಾಚಾರ ಪೆಟ್ಟಿಗೆಯಲ್ಲಿತ್ತು. ಫೈನಲ್ ಗೆದ್ದವನ ರಾಕೆಟ್ಟಿನ ಹಳೇ ಹುರಿ ಕತ್ತರಿಸಿ ತೆಗೆದಾಗ ಅದನ್ನು ಎಸೆಯುತ್ತಿರಲಿಲ್ಲ. ಸುತ್ತಿ, ಕೆಂಪು ದಾರದಿಂದ ಕಟ್ಟಿ, ಒಂದು ಚೀಟಿ ಅಂಟಿಸುತ್ತಿದ್ದರು. ಎಷ್ಟನೇ ವರ್ಷ, ಗೆದ್ದವನು, ಸೋತವನು, ಹುರಿ ಕಟ್ಟಿದವನು. ನಾಲ್ಕನೇ ಕ್ಲಾಸಿನ ದುಂಡು ಅಕ್ಷರ. ತಾವು ಹೋಗದ ಮೊದಲ ಎರಡು ವರ್ಷಕ್ಕೂ ಅಂಕಣ ಗುಡಿಸುವವನನ್ನು ಕೇಳಿ ಚೀಟಿ ಬರೆದಿದ್ದರು. ಅವಕ್ಕೆ ಹುರಿ ಇರಲಿಲ್ಲ. ಮಳೆಗಾಲದಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಪೆಟ್ಟಿಗೆ ತೆರೆದು ಒಂದೊಂದೇ ಸುರುಳಿ ಕೈಗೆ ಕೊಟ್ಟು ಹೇಳುತ್ತಿದ್ದರು. ಮೊದಲೆಲ್ಲ ಪಂದ್ಯಗಳು ನಡೆದದ್ದು ವಸ್ತುಪ್ರದರ್ಶನದ ತಗಡಿನ ಶೆಡ್ಡಿನಲ್ಲಿ, ಹಲಗೆಯ ಮೇಲೆ ಹಸಿರು ಚಾಪೆ ಹಾಸಿ. ಮೇಲೆ ಪಾರಿವಾಳ ಕೂತು ಒಮ್ಮೆ ಗೆರೆಯ ಮೇಲೆಯೇ ಗಲೀಜು ಮಾಡಿದಾಗ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಕಾಲು ಗಂಟೆ ಜಗಳವಾಯಿತಂತೆ. ಆರನೇ ವರ್ಷ ಹೊಸ ಕ್ರೀಡಾಂಗಣ ಬಂತು. ಒಂಬತ್ತನೇ ವರ್ಷ ಎಡಗೈಯವನೊಬ್ಬ ಜ್ವರದಲ್ಲೇ ಆಡಿ ಗೆದ್ದ.

ಮಾತಿನಲ್ಲಿ ಚಾಚಾ ಬಿಡುತ್ತಿರಲಿಲ್ಲ. ಅಂಗಡಿಗೆ ಬಂದವರು ಯಾವ ಕೆಲಸದಲ್ಲಿ ಹೆಸರು ಹೆಚ್ಚು ಎಂದು ಕೆಣಕಿದರೆ, "ನಾನು ಮಾಡಿದ್ರಾಗೆ ಅರ್ಧ ಮಂದಿ ಮಲಗ್ತಾರೆ, ಇನ್ನರ್ಧ ಮಂದಿ ಒಬ್ರನ್ನೊಬ್ರು ಮಲಗಿಸ್ತಾರೆ ನೋಡ್ರಿ" ಎನ್ನುತ್ತಿದ್ದರು. ಆದರೆ ಹುರಿಯ ವಿಷಯದಲ್ಲಿ ತಮಾಷೆ ಇರಲಿಲ್ಲ. ಹತ್ತಿ ಬಿಲ್ಲಿನ ಹುರಿ ಎಡಗಡೆಯ ಗೂಟಕ್ಕೆ, ರಾಕೆಟ್ಟಿನ ಹುರಿ ಬಲಗಡೆಯ ಗೂಟಕ್ಕೆ. ಒಂದರ ಜಾಗದಲ್ಲಿ ಇನ್ನೊಂದನ್ನು ನಾನು ಮರೆತು ನೇತುಹಾಕಿದ ದಿನ ಊಟದವರೆಗೂ ನನ್ನ ಜೊತೆ ಮಾತಾಡಲಿಲ್ಲ. ಒದ್ದೆ ಕೈಯಲ್ಲಿ ಮುಟ್ಟಬಾರದು, ಬಿಸಿಲಿಗೆ ಇಡಬಾರದು, ಒಲೆಯ ಹತ್ತಿರ ತರಲೇಬಾರದು. ಕಟ್ಟಿದ ರಾಕೆಟ್ಟನ್ನು ಹಿಂಜಿದ ಹತ್ತಿಯಲ್ಲಿ ಸುತ್ತಿಡಬೇಕು.

ಒಮ್ಮೆ ಬಂದಳಿಕೆ ಎಂಬ ಊರಿಗೆ ಮದುವೆಯ ಹಾಸಿಗೆ ಕೊಡಲು ಇಬ್ಬರೂ ಹೋಗಿದ್ದೆವು. ಅಲ್ಲಿನ ಪಾಳುಗುಡಿಗಳ ನಡುವೆ ಶಾಸನದ ಕಲ್ಲೊಂದರ ಮುಂದೆ ಚಾಚಾ ಬಹಳ ಹೊತ್ತು ನಿಂತರು. ಯಾರು ಗೆದ್ದರು, ಯಾರು ಸತ್ತರು ಎಂದು ಬರೆದಿದೆಯಂತೆ ಎಂದೆ.

"ಬರ್ದೋನು ಸುಳ್ಳು ಬರ್ದಿದ್ರೆ ಈಗ ಯಾರು ಬಂದು ತಿದ್ತಾರೆ ತಮ್ಮಾ?" ಎಂದರು. "ಬರಿಯಾಕೆ ಮುಂಚೆ ಹೆದರ್ಬೇಕು."

ಪಂದ್ಯಾವಳಿಯ ಎಂಟನೇ ವರ್ಷದಿಂದ ನನ್ನನ್ನೂ ಅಲ್ಲಿಗೆ ಕರೆದೊಯ್ದರು. ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಹದಿಮೂರನೇ ವರ್ಷ ಕ್ರೀಡಾಂಗಣದಲ್ಲಿ ಉಗ್ರಾಣ ನೋಡಿಕೊಳ್ಳುವ ಕಾಯಂ ಕೆಲಸ ಖಾಲಿಯಿತ್ತು. ನನ್ನ ಹೆಂಡತಿ ಆಗ ಬಸುರಿ. ಚಾಚಾ ತಾವೇ ಸಮಿತಿಯ ಕಾರ್ಯದರ್ಶಿಯ ಹತ್ತಿರ ಹೋಗಿ ನನ್ನ ಪರವಾಗಿ ಕೇಳಿದರು. ಫೈನಲ್ ಮುಗಿಯಲಿ, ಹೇಳುತ್ತೇನೆ ಎಂದಿದ್ದರು ಅವರು.

ಫೈನಲ್ ದಿನ ಹೊರಗೆ ಜಡಿಮಳೆ. ಮೂರು ದಿನದಿಂದ ಗೋಡೆಗಳೆಲ್ಲ ಬೆವರುತ್ತಿದ್ದವು. ಎಲ್ಲರೂ ಗೆಲ್ಲುತ್ತಾನೆ ಎನ್ನುತ್ತಿದ್ದ ಆಟಗಾರನ ಮೂರು ರಾಕೆಟ್‌ಗಳಿಗೆ ಚಾಚಾ ಬೆಳಿಗ್ಗೆ ಅವನೇ ಕೊಟ್ಟ ಹೊಸ ಹುರಿ ಕಟ್ಟಿ, ಹತ್ತಿಯಲ್ಲಿ ಸುತ್ತಿಟ್ಟು, ಮಧ್ಯಾಹ್ನದ ನಮಾಜಿಗೆ ಹೋದರು. ನಾನು ಒಂದನ್ನು ಬಿಚ್ಚಿ ಮೀಟಿ ನೋಡಿದೆ. ಸದ್ದು ಮಂಕಾಗಿತ್ತು.

ಹೊಸಬಾಳೆಯಲ್ಲಿ ನಾನು ಡೊಳ್ಳು ಬಾರಿಸುತ್ತಿದ್ದವನು. ಮಳೆಯ ದಿನ ಡೊಳ್ಳಿನ ಚರ್ಮ ತಣ್ಣಗಾಗಿ ಸದ್ದು ಸತ್ತರೆ ಹುಲ್ಲಿನ ಬೆಂಕಿ ಮಾಡಿ ಕಾಯಿಸುತ್ತೇವೆ. ಚರ್ಮ ಬಿಗಿಯಾಗಿ ಸದ್ದು ಏಳುತ್ತದೆ. ನಮ್ಮ ಕಡೆಯ ಎಂಥ ಹುಡುಗನಿಗೂ ಗೊತ್ತಿರುವ ಕೆಲಸ. ಚರ್ಮವೂ ಪ್ರಾಣಿಯದು, ಕರುಳೂ ಪ್ರಾಣಿಯದು ಎಂದುಕೊಂಡೆ; ಒಲೆಯ ಬಗ್ಗೆ ಚಾಚಾ ಹೇಳಿದ್ದನ್ನು ಲೆಕ್ಕಕ್ಕೆ ತರಲಿಲ್ಲ. ಕ್ಯಾಂಟೀನಿನ ಹಿಂದೆ ಒಂದು ವಿದ್ಯುತ್ ಒಲೆಯಿತ್ತು. ಮೂರನ್ನೂ ಒಂದೊಂದಾಗಿ ಅದರ ಮೇಲೆ ಹಿಡಿದು ತಿರುಗಿಸಿದೆ. ಸದ್ದು ಗಂಟೆಯಂತೆ ಎದ್ದಿತು. ಚಾಚಾ ಬಂದ ಮೇಲೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಆಟಗಾರನ ಕಡೆಯವನು ಬಂದು ಮೂರನ್ನೂ ತೆಗೆದುಕೊಂಡು ಹೋದ. ಚಾಚಾ ಬಂದಾಗ ಆಟ ಶುರುವಾಗಿತ್ತು.

ಮೊದಲ ರಾಕೆಟ್ಟು ಎರಡನೇ ಸೆಟ್ಟಿನಲ್ಲಿ ಹರಿಯಿತು. ಅದು ಆಗುವಂಥದ್ದೇ ಎಂದರು ಚಾಚಾ. ಎರಡನೆಯದು ಮತ್ತೆರಡು ಗೇಮ್ ಆಗುವಷ್ಟರಲ್ಲಿ ಹರಿಯಿತು. ಚಾಚಾ ಎದ್ದು ನಿಂತರು. ಮೂರನೆಯದು ಹರಿದಾಗ ಆ ಆಟಗಾರನಿಗೆ ಗೆಲ್ಲಲು ಒಂದೇ ಒಂದು ಪಾಯಿಂಟ್ ಬೇಕಿತ್ತು. ಚೆಂಡು ನೆಟ್ಟಿಗೆ ಬಿತ್ತು. ಬೇರೆಯವರ ರಾಕೆಟ್ಟು ಹಿಡಿದು ಆಡಿ ಅವನು ಸೋತ.

ಆಮೇಲೆ ಅವನು ನಮ್ಮ ಮೇಜಿಗೆ ಬಂದು ಮೂರನ್ನೂ ಎಸೆದ. ಏನಂದನೋ ನಮಗೆ ತಿಳಿಯಲಿಲ್ಲ. ಹಿಂದೆಯೇ ಬಂದ ಕಾರ್ಯದರ್ಶಿ ಹೇಳಿದ್ದು ತಿಳಿಯಿತು. "ಅವರು ಕೊಟ್ಟ ಹೊಸ ಹುರಿ ಎಲ್ಲಿ ಮಾರ್ಕೊಂಡ್ರಿ? ಹತ್ತಿ ಬಡಿಯೋ ಹುರಿ ಹಾಕಿ ಕಳ್ಸಿದೀರಲ್ಲ."

ಚಾಚಾ ಒಂದು ರಾಕೆಟ್ಟು ಎತ್ತಿಕೊಂಡರು. ಹರಿದ ತುದಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನನ್ನು ಒಮ್ಮೆ ನೋಡಿದರು. ನಾನು ನೆಲ ನೋಡಿದೆ.

"ಕಟ್ಟಿದ್ದು ನಾನು ಸಾರ್. ಹರಿದಿದ್ದಕ್ಕೆ ನಾನೇ ಜವಾಬ್ದಾರ" ಎಂದರು. "ಹುರಿ ಮಾತ್ರ ಬದಲಿಸಿಲ್ಲ. ಅದೊಂದು ಮಾತು ಅನ್ಬ್ಯಾಡ್ರಿ."

ಆ ಮಾತನ್ನು ಕಾರ್ಯದರ್ಶಿ ಆಗಲೇ ಅಂದುಬಿಟ್ಟಿದ್ದರು. ಪರೀಕ್ಷೆ ಮಾಡಿಸಿ ಎಂದು ಚಾಚಾ ಹುರಿಯನ್ನು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರ ಹೋದರು. ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಎಂಜಿನಿಯರ್ ಕೂಡ ಮುಖ ತಿರುಗಿಸಿದರು. ಒಲೆಗೆ ಹಿಡಿದವನು ನಾನು ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಾರ್ಯದರ್ಶಿ ನನ್ನನ್ನು ಕರೆದು, ಉಗ್ರಾಣದ ಕೆಲಸ ನಿನಗೇ, ಮುಂದಿನ ವರ್ಷದಿಂದ ಹುರಿ ಕಟ್ಟುವುದನ್ನೂ ನೀನೇ ನೋಡಿಕೋ ಎಂದರು. ಆಗಲಿ ಸಾರ್ ಎಂದೆ.

ಬಸ್ ನಿಲ್ದಾಣಕ್ಕೆ ಚಾಚಾರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಕೆಲಸ ಸಿಕ್ಕಿದ್ದನ್ನು ಹೇಳಿದೆ. ಬಸ್ಸು ಹೊರಡುವಾಗ ಅವರು ಕಿಟಕಿಯಿಂದ ಹೇಳಿದ್ದು ಇಷ್ಟೇ. "ಕೈ ಒಣಗಿಸ್ಕೊಂಡು ಮುಟ್ಟು ತಮ್ಮಾ. ಒದ್ದೆ ಕೈ ಬ್ಯಾಡ."

ಅವರ ಕುರ್ಚಿಯಲ್ಲಿ ಹನ್ನೆರಡು ವರ್ಷ ಕೂತೆ. ಶಿಕಾರಿಪುರಕ್ಕೆ ಹೋಗಲಿಲ್ಲ. ಊರಿಗೆ ಹೋಗಬೇಕಾದಾಗ ಆ ದಾರಿ ಬಿಟ್ಟು ಸಾಗರ ಪಟ್ಟಣದ ಮೇಲೆ ಸುತ್ತಿಕೊಂಡು ಸೊರಬಕ್ಕೆ ಹೋಗುತ್ತಿದ್ದೆ. ಯಾವ ವರ್ಷದ ಹುರಿಯನ್ನೂ ಎತ್ತಿಡಲಿಲ್ಲ. ಎಲ್ಲ ಕಸಕ್ಕೆ ಹೋಯಿತು.

ಇಪ್ಪತ್ತೈದನೇ ವರ್ಷ ಪಂದ್ಯಾವಳಿಯ ಇತಿಹಾಸದ ಪುಸ್ತಕ ತಂದರು. ದಪ್ಪ ಕಾಗದ, ಬಣ್ಣದ ಚಿತ್ರಗಳು. ಬರೆಯುತ್ತಿದ್ದ ಹುಡುಗ ಒಳ್ಳೆಯವನು. ಅಚ್ಚಿಗೆ ಹೋಗುವ ಮುಂಚೆ ಒಂದು ಪುಟ ಹಿಡಿದು ಉಗ್ರಾಣಕ್ಕೆ ಬಂದ. ಹದಿಮೂರನೇ ವರ್ಷ ಹುರಿ ಕಟ್ಟುವವನು ಹೊಸ ಹುರಿ ಕದ್ದು ಹತ್ತಿ ಹಿಂಜುವ ಹುರಿ ಹಾಕಿದ್ದರಿಂದ ಫೈನಲ್ ಕೆಟ್ಟಿತು ಎಂದು ಅದರಲ್ಲಿತ್ತು. ಆಗ ಅಲ್ಲಿದ್ದವರಲ್ಲಿ ಈಗ ಕೆಲಸದಲ್ಲಿರುವವರು ನೀವೊಬ್ಬರೇ, ಇದು ಸರಿಯೇ ಎಂದು ಕೇಳಿದ. ಬಂದಳಿಕೆಯ ಕಲ್ಲು ನೆನಪಾಯಿತು. ಆದರೂ ತಲೆಯಾಡಿಸಿದೆ. ಮೊದಲ ಸಲ ಹೆದರಿ ಸುಮ್ಮನಿದ್ದೆ ಎನ್ನಬಹುದು. ಈ ಸಲ ಹೆದರಿಕೆಯೂ ಇರಲಿಲ್ಲ, ಅಭ್ಯಾಸವಾಗಿತ್ತು ಅಷ್ಟೇ. ಹನ್ನೊಂದು ವರ್ಷ ದುಡಿದ ಚಾಚಾರ ಬಗ್ಗೆ ಆ ಪುಸ್ತಕದಲ್ಲಿರುವುದು ಅದೊಂದೇ ಸಾಲು.

ಅದೇ ಕೊನೆಯ ವರ್ಷ. ಪಂದ್ಯಾವಳಿಯನ್ನು ಬೇರೆ ದೇಶದವರು ಕೊಂಡುಕೊಂಡು ಹೋದರು. ಕ್ರೀಡಾಂಗಣದಲ್ಲಿ ಈಗ ಸೋಫಾ, ಮಂಚಗಳ ಪ್ರದರ್ಶನ ನಡೆಯುತ್ತದೆಯಂತೆ. ನಾನು ಉಗ್ರಾಣದಲ್ಲೇ ಉಳಿದು, ವಯಸ್ಸಾದ ಮೇಲೆ ನಿವೃತ್ತನಾಗಿ ಹೊಸಬಾಳೆಗೆ ಬಂದು ಕೂತೆ. ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು ಹತ್ತಲು ಮತ್ತಷ್ಟು ವರ್ಷ ಬೇಕಾಯಿತು.

ಹೋದ ವರ್ಷ ಹೋದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಚಾಚಾರಿಗೆ ತೊಂಬತ್ತರ ಹತ್ತಿರ, ಕಣ್ಣು ಕಾಣುತ್ತಿರಲಿಲ್ಲ. ಬಿಲ್ಲು ಸೂರಿಗೇ ಇತ್ತು, ಹುರಿ ಇರಲಿಲ್ಲ. ಅವರ ಮೊಮ್ಮಗಳು ನನ್ನನ್ನು ವಿಚಾರಿಸಿ ನನ್ನ ಊರು ಹೇಳಿದಾಗ ಕೈ ಚಾಚಿ ನನ್ನ ಬೆರಳುಗಳನ್ನು ಸವರಿ ನೋಡಿದರು. ನನ್ನ ತೋರುಬೆರಳಿನಲ್ಲೂ ಗೀರಿದೆ. ಅದನ್ನು ಮುಟ್ಟಿ ನಕ್ಕರು. ಆಮೇಲೆ ಮೊಮ್ಮಗಳಿಗೆ ಹೇಳಿ ಪೆಟ್ಟಿಗೆಯಿಂದ ಹದಿಮೂರನೇ ವರ್ಷದ, ಅಂದು ಹರಿದ ಹುರಿಯ ಸುರುಳಿ ತೆಗೆಸಿ ನನ್ನ ಕೈಗೆ ಕೊಟ್ಟರು.

"ಮೂಸಿ ನೋಡು."

ಇಷ್ಟು ವರ್ಷವಾದರೂ ಸೀದ ವಾಸನೆ ಇತ್ತೋ, ನನಗೆ ಹಾಗನಿಸಿತೋ ತಿಳಿಯದು. ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು.

"ಹೊಸ ಹುರಿನೇ ಅದು. ಬೆಂಕಿ ಕಂಡೈತೆ, ಅದಕ್ಕೇ ಒಣಗಿ ಹರಿದೈತೆ" ಎಂದರು. "ಯಾರು ಅಂತ ನಾನು ಕೇಳಲ್ಲ. ಆ ಪುಸ್ತಕ ನನ್ ಮೊಮ್ಮಗಳು ಓದಿ ಹೇಳಿದ್ಲು. ನಾನು ಕದ್ದಿಲ್ಲ ಅಂತ ಒಂದು ಸಾಲು ಬರಸ್ತೀಯೇನು? ನಿಂಗೆ ಅಲ್ಲಿ ಪರಿಚಯ ಐತಲ್ಲ."

ಬರೆಸುತ್ತೇನೆ ಚಾಚಾ ಎಂದೆ. ನಾನು ಎಂಬ ಒಂದು ಮಾತು ಆಗಲೂ ಬಾಯಿಂದ ಬರಲಿಲ್ಲ. ಪತ್ರ ಬರೆದು, ಉತ್ತರ ತಂದು, ಆಗ ಕಾಲು ಹಿಡಿದು ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಡೆದದ್ದನ್ನೆಲ್ಲ ಬರೆದು ಸಮಿತಿಯ ವಿಳಾಸಕ್ಕೆ ರಿಜಿಸ್ಟರ್ ಮಾಡಿದೆ. ಅಂಥ ಕಚೇರಿ ಇಲ್ಲವೆಂದು ಪತ್ರ ಹಿಂದೆ ಬಂತು. ಕಾರ್ಯದರ್ಶಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪುಸ್ತಕ ಬರೆದ ಹುಡುಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಆ ಸಾಲನ್ನು ತಿದ್ದುವ ಕೈ ಎಲ್ಲೂ ಉಳಿದಿರಲಿಲ್ಲ. ಹಿಂದೆ ಬಂದ ಲಕೋಟೆ ಹಿಡಿದು ಚಾಚಾರ ಮುಂದೆ ಹೇಗೆ ಹೋಗಲಿ ಎಂದು ಒಂದು ವಾರ ಕಳೆದೆ. ಆ ವಾರದಲ್ಲೇ ಅವರು ಹೋದರು.

ಮಣ್ಣಿಗೆ ಹೋಗಿದ್ದೆ. ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದೆ. ಚಾಚಾರ ಮನೆಗೆ ಬಂದಾಗ ಮೊಮ್ಮಗಳು ಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. "ನಿಮಗೇ ಕೊಡ್ಬೇಕು ಅಂದಿದ್ರು ರೀ. ಆ ಸಾಲು ಬರ್ಸಾಕೆ ಬೇಕಾಗ್ತೈತಂತೆ."

ಊರಿಗೆ ತಂದು ತೆರೆದೆ. ಹದಿಮೂರನೆಯ ಸುರುಳಿಯ ಕೆಳಗೆ, ಹುರಿಯಿಲ್ಲದ ಹನ್ನೆರಡು ಚೀಟಿಗಳು ಕೆಂಪು ದಾರದಲ್ಲಿ ಕಟ್ಟಿದ್ದವು. ಹದಿನಾಲ್ಕರಿಂದ ಇಪ್ಪತ್ತೈದರವರೆಗೆ. ಪೇಪರ್ ನೋಡಿ ಬರೆದಿಟ್ಟಿದ್ದರು. ಗೆದ್ದವನು, ಸೋತವನು. ಹುರಿ ಕಟ್ಟಿದವನು ಎಂಬಲ್ಲಿ ಹನ್ನೆರಡರಲ್ಲೂ ಒಂದೇ ಬರಹ: ನಮ್ಮ ಸೊರಬದ ತಮ್ಮ. ಕೊನೆಕೊನೆಗೆ ಕಣ್ಣು ಮಂಜಾಗಿ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಆದರೂ ಒಂದು ವರ್ಷವನ್ನೂ ಬಿಟ್ಟಿಲ್ಲ.

ಹದಿಮೂರನೇ ಚೀಟಿಯಲ್ಲಿ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಬೆಂಕಿಗೆ ಹಿಡಿದವನು ನಾನು, ಚಾಚಾ ಕದ್ದಿಲ್ಲ ಎಂದು ಅಲ್ಲಿ ಬರೆದು ರುಜು ಹಾಕಿದ್ದೇನೆ. ಅದನ್ನು ಯಾರಿಗೆ ಓದಿ ಹೇಳಬೇಕಿತ್ತೋ ಅವರು ಮಣ್ಣಿನಲ್ಲಿದ್ದಾರೆ. ಆ ದಪ್ಪ ಪುಸ್ತಕ ಯಾವಯಾವ ಊರಿನ ಕಪಾಟಿನಲ್ಲೋ ಇದೆ, ಅದರಲ್ಲಿ ಚಾಚಾ ಇನ್ನೂ ಕಳ್ಳರೇ.