ಕೊಗ್ಗನ ಬಲಗೈ

ಕೊಗ್ಗನ ಹೆಸರನ್ನು ನಾನು ಮೊದಲು ಕೇಳಿದ್ದು ಮಸ್ಕತ್ತಿನ ನಮ್ಮ ಅಡುಗೆಮನೆಯಲ್ಲಿ, ಎಂಬತ್ತಾರನೇ ಇಸವಿಯಲ್ಲಿ. ಒಲೆಯ ಮೇಲೆ ಬಂಗುಡೆ ಇತ್ತು. ನಮ್ಮ ಯಜಮಾನರು ಘಾಲಾದ ಆಚೆ, ಗುಡ್ಡದ ಬುಡದಲ್ಲಿದ್ದ ಪಿಸ್ತೂಲು ಕ್ಲಬ್ಬಿನಲ್ಲಿ ಡ್ರೈವರ್ ಆಗಿದ್ದರು. ಚಪ್ಪಲಿ ಬಿಡುವಾಗಲೇ ನಗುತ್ತಿದ್ದರು.

"ಮೋಹಿನಿ, ಕ್ಲಬ್ಬಿಗೆ ಕೊಗ್ಗ ಅಂತ ನಮ್ಮ ಕಡೆಯವ ಬಂದಿದ್ದಾನೆ ಮಾರಾಯ್ತಿ. ತೋಟೆ ತುಂಬಿಸುವ ಕೆಲಸ. ಕೂತದ್ದು ನೋಡಿದರೆ ನಿನ್ನ ಅಮ್ಮ ಬೀಡಿ ಕಟ್ಟಿದ ಹಾಗೆಯೇ!"

"ಶುಕ್ರವಾರ ಊಟಕ್ಕೆ ಕರೀರಿ. ನೂಲು ಸಹ ಸುತ್ತುತ್ತಾನಾ ಕೇಳುವ."

ಬಂದ. ಸಪೂರ ಆಳು, ಉದ್ದುದ್ದ ಬೆರಳು. ಬಂಟ್ವಾಳದ ಹತ್ತಿರದವನು. ಅಪ್ಪ ಇರಲಿಲ್ಲ, ತಾಯಿ ಎಲೆ, ಹೊಗೆಸೊಪ್ಪಿನ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಸಾಕಿದ್ದರು. ಅವನೂ ಅವರ ಪಕ್ಕ ಕೂತು ಕಟ್ಟಿ ಬೆಳೆದವನು. ಈಗ ತಾಯಿಗೆ ಬಿಡದ ಕೆಮ್ಮು.

"ಅಮ್ಮನ ಮಡಿಲಿನಿಂದ ಆ ಗೆರಸೆ ಇಳಿಸಬೇಕು ಅಕ್ಕ. ನಾನು ಮರಳುಗಾಡಿಗೆ ಬಂದದ್ದು ಅದಕ್ಕೇ" ಎಂದ.

ಅವನ ಕೆಲಸ ನನಗೂ ಅರ್ಥವಾಗುವಂತೆ ಹೇಳಿದ್ದ. ಒಮ್ಮೆ ಹೊಡೆದ ಹಿತ್ತಾಳೆ ಕೊಳವೆ ತೊಳೆದು, ಮದ್ದು ಹಾಕಿ, ಬಾಯಿಗೆ ಹೊಸ ಗುಂಡು ಒತ್ತಿದರೆ ಒಂದು ತೋಟೆ. ಗುಂಡು ತೀರಾ ಹೊರಗೆ ಉಳಿದರೆ ತೋಟೆ ಪಿಸ್ತೂಲಿಗೆ ಸೇರುವುದಿಲ್ಲ. ತೀರಾ ಒಳಗೆ ಹೋದರೆ ಒಳಗಿನ ಜಾಗ ಸಾಲದೆ, ಮದ್ದು ಉರಿದಾಗ ಪಿಸ್ತೂಲೇ ಒಡೆಯಬಹುದು. ಹಾಗಾಗಿ ಪ್ರತಿಯೊಂದರ ಉದ್ದವನ್ನೂ ಅಳೆಯುತ್ತಿದ್ದ. ಹೊಸದಾಗಿ ತುಂಬಿಸಿದ್ದರಲ್ಲಿ ಮೊದಲನೆಯದನ್ನು ತುಂಬಿಸಿದವನೇ ಹೊಡೆದು ನೋಡಬೇಕು, ಅದು ಅಲ್ಲಿಯ ಪದ್ಧತಿ.

ವರ್ಷಗಳು ಹೀಗೇ ಹೋದವು. ತೊಂಬತ್ತೊಂದರಲ್ಲಿ ಒಂದು ಶುಕ್ರವಾರ ಊರಿನಿಂದ ಫೋನು ಬಂತೆಂದು ಓಡಿಬಂದ.

"ಅಕ್ಕ, ಅಮ್ಮ ಬೀಡಿ ಬಿಟ್ಟರು! ಗೆರಸೆಯನ್ನು ಅಟ್ಟಕ್ಕೆ ಹಾಕಿದರಂತೆ!"

ಅಂದು ಪಾಯಸ ಮಾಡಿದೆ. ಎರಡು ಸಲ ಹಾಕಿಸಿಕೊಂಡ.

ಅದೇ ತಿಂಗಳು ಕ್ಲಬ್ಬಿಗೆ ಬೇರೆ ಕಂಪನಿಯ ಗುಂಡು ಬಂತು. ಕೊಗ್ಗ ತುಂಬಿಸಿದ, ಅಳೆದ, ಮೊದಲನೆಯದನ್ನು ತಾನೇ ಹೊಡೆದ. ಪಿಸ್ತೂಲು ಅವನ ಮುಷ್ಟಿಯೊಳಗೇ ಒಡೆಯಿತು. ಹೆಬ್ಬೆರಳು, ತೋರುಬೆರಳು ಎರಡೂ ಹೋದವು.

ಆಸ್ಪತ್ರೆಗೆ ಗಂಜಿ ಒಯ್ದೆವು. ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ.

"ಅಳೆಯಲಿಲ್ಲವಾ ಮಾರಾಯ?"

"ಅಳೆದೆ ದೇಜಪ್ಪಣ್ಣ. ಒಂದು ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೆ ಆ ಗುಂಡೇ ಹಳೆಯದಕ್ಕಿಂತ ಉದ್ದ. ನಾನು ತೋಟೆಯ ಉದ್ದ ಮೊದಲಿನಷ್ಟೇ ಇಟ್ಟೆ, ಹೆಚ್ಚಾದದ್ದೆಲ್ಲ ಒಳಗೆ ಕೂತಿತು." ಗೋಡೆಯ ಕಡೆ ಮುಖ ತಿರುಗಿಸಿದ. "ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಬುದ್ಧಿ. ಅಲ್ಲಿ ಉದ್ದ ಸಮ ಇದ್ದರೆ ಪಾಸು. ಒಳಗೆ ಎಂತ ಆಗಿದೆ ಅಂತ ಯೋಚಿಸಲೇ ಇಲ್ಲ ನಾನು."

ಗಂಜಿಯನ್ನು ಚಮಚದಲ್ಲಿ ಕುಡಿಸಿದೆ. ಎಡಗೈಯಲ್ಲಿ ತಾನೇ ಹಿಡಿಯುತ್ತೇನೆಂದು ಹೊರಟು ಚೆಲ್ಲಿಕೊಂಡ.

ಗಾಯ ಒಣಗುವ ಮೊದಲೇ, ವೀಸಾ ಕೊಟ್ಟಿದ್ದ ಕಫೀಲ್ ಖಲಾಸ್, ಕೆಲಸ ಮುಗಿಯಿತು ಅಂದುಬಿಟ್ಟ. ಊರಿಗೆ ಹೊರಡುವ ದಿನ ಕೊಗ್ಗ ಒಂದು ಹೊಸ ಶರ್ಟು ಹಿಡಿದು ನಮ್ಮ ಬಾಗಿಲಲ್ಲಿ ನಿಂತ. ನನ್ನ ಹೊಲಿಗೆ ಮಿಷನ್ನನ್ನೇ ನೋಡುತ್ತಿದ್ದ.

"ಒಳಗೆ ಬಾ, ಚಾ ಕುಡಿ."

"ಚಾ ಬೇಡ ಅಕ್ಕ. ಈ ಬಲದ ತೋಳನ್ನು ಕೈ ಮುಚ್ಚುವಷ್ಟು ಉದ್ದ ಮಾಡಿ ಕೊಡ್ತೀರಾ? ಅಮ್ಮನಿಗೆ ಕಾಣಬಾರದು. ಕಂಡರೆ ಅಟ್ಟದಿಂದ ಗೆರಸೆ ಇಳಿಸ್ತಾರೆ."