ಕೂಗಿದ ಹೇಂಟೆಗಳು

ಕೋಳಿಮರಿಯ ಗಂಡು ಹೆಣ್ಣು ಹೇಳುವುದಕ್ಕೆ ಹುಸೇನಮ್ಮ ಎಂದೂ ಅವಸರ ಮಾಡಿದವಳಲ್ಲ. ಮಡಿಲಲ್ಲಿ ಮರಿ ಕಟ್ಟಿಕೊಂಡು ಬಂದ ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿ, ಮರಿಯನ್ನು ಅಂಗಳಕ್ಕೆ ಬಿಡಿಸಿ, ನವಣೆ ಚೆಲ್ಲಿ, ಅದು ಹೆಕ್ಕುವುದನ್ನೂ ಓಡುವುದನ್ನೂ ಸುಮ್ಮನೆ ನೋಡುವಳು. ಆಮೇಲೆ ಎತ್ತಿಕೊಂಡು ಕಾಲಿನ ದಪ್ಪ ಮುಟ್ಟಿ ನೋಡಿ, ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿಯುವಳು. ಹೆಣ್ಣಿಗೆ ರೆಕ್ಕೆ ಬಾಲದ ಗರಿ ಬೇಗ ಮೂಡುತ್ತವೆ. ಗಂಡು ಬೋಳು ಬೆನ್ನು ಹೊತ್ತುಕೊಂಡೇ ತಿರುಗುತ್ತಿರುತ್ತದೆ. ಹೆಣ್ಣೆಂದು ಗೊತ್ತಾದರೆ "ಹ್ಯಾಟಿ ಐತಿ, ಇಟ್ಕೋ" ಎನ್ನುವಳು. ಗೊತ್ತಾಗದಿದ್ದರೆ, "ಇನ್ನೂ ಹೇಳಾಕ ಬರಂಗಿಲ್ಲ, ಮುಂದಿನ ಸಂತಿಗೆ ತಗೊಂಡು ಬಾ" ಎಂದು ವಾಪಸು ಕಳಿಸುವಳು. ಎಮ್ಮಿಗನೂರು ದಾರಿಯ ಹಳ್ಳಿಗಳೆಲ್ಲ ಆಕೆಯ ಮಾತನ್ನು ನಂಬಿದ್ದು ಹೆಚ್ಚಾಗಿ ಈ ವಾಪಸು ಕಳಿಸುವ ಗುಣದಿಂದಲೇ.

ಈ ಕಣ್ಣು ಆಕೆಗೆ ಬಂದದ್ದು ತವರಿನಿಂದ. ಮೊಹರಮ್ಮಿನ ಹರಕೆಗೆಂದು ಆಕೆಗೆ ಆ ಹೆಸರಿಟ್ಟಿದ್ದ ತಂದೆ ಆದೆಪ್ಪ ಜಗಳದ ಕೋಳಿ ಸಾಕುತ್ತಿದ್ದ. ಅಸೀಲ್ ಜಾತಿಯ ಆ ಮರಿಗಳಿಗೆ ಜುಟ್ಟು ಬಟಾಣಿಯಷ್ಟೇ, ಅದನ್ನು ನೋಡಿ ಏನೂ ತಿಳಿಯದು. ನಿಲ್ಲುವ ಗತ್ತು, ಕಾಲ ಬೆರಳು ಊರುವ ರೀತಿ, ಮೇಲೆ ಹದ್ದಿನ ನೆರಳು ಹಾದಾಗ ಗಂಡಿನಂತೆ ಕುತ್ತಿಗೆ ಎತ್ತುತ್ತದೋ ಹೆಣ್ಣಿನಂತೆ ಹೊಟ್ಟೆ ನೆಲಕ್ಕೆ ಹಚ್ಚುತ್ತದೋ ಎನ್ನುವುದು, ಇವೇ ಗುರುತು. ತಾಯಿ ತೀರಿಕೊಂಡ ಮೇಲೆ ತಂದೆಯ ಕೋಳಿಗಳನ್ನೂ ಅಂಬೆಗಾಲಿಡುತ್ತಿದ್ದ ತಮ್ಮ ಯಂಕಣ್ಣನನ್ನೂ ಹುಸೇನಮ್ಮನೇ ನೋಡಿಕೊಂಡಳು. ಮಾರೆಪ್ಪನನ್ನು ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಬಂಡಿಯಲ್ಲಿ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಬಂದಳು. ಆಕೆಗೆ ಮಕ್ಕಳಾಗಲಿಲ್ಲ. ಇರುವ ಒಬ್ಬನನ್ನೇ ಮಗನೆಂದುಕೊಂಡಳು.

ಮೀಸೆ ಬಂದ ಮೇಲೆ ಯಂಕಣ್ಣ ಆದೋನಿಗೆ ಹೋದ. ಹತ್ತಿ ಗಿರಣಿಯಲ್ಲಿ ಸ್ವಲ್ಪ ಕಾಲ, ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ. ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿ ಇನ್ನೂ ಎರಡು ಬೇಸಿಗೆ ಕಳೆದಿರಲಿಲ್ಲ. ಒಂದು ದಿನ ಅಕ್ಕನ ಮನೆಯ ಮುಂದೆ ಜಟಕಾ ನಿಲ್ಲಿಸಿ, ತೂತು ತೂತಿನ ರಟ್ಟಿನ ಡಬ್ಬಿಗಳನ್ನು ಇಳಿಸಿದ. ಒಳಗೆ ಚಿಲಿಪಿಲಿ ಸದ್ದು.

"ಮದ್ರಾಸಿನ ಕಡಿಂದ ರೈಲಿನಾಗ ಬಂದಾವ ಅಕ್ಕಾ. ಸೀಮಿ ಕೋಳಿ. ವರ್ಷೆಲ್ಲ ತತ್ತಿ ಇಕ್ಕತಾವ."

"ಗಂಡೆಷ್ಟು, ಹೆಣ್ಣೆಷ್ಟು?"

"ಅದನ್ನ ಅವರೂ ಹೇಳಂಗಿಲ್ಲ, ಕಲಸಿ ಕೊಡ್ತಾರ. ಹೇಳಾಕ ನೀ ಇದ್ದಿಯಲ್ಲ, ಏಂ ಭಯಂ ಲೇದು!" ಹೆದರಿಕೆಯೇ ಇಲ್ಲ ಎಂದು ತೆಲುಗಿನಲ್ಲಿ ಹೇಳಿ ನಕ್ಕ.

ಅವನು ಹೇಳಿದ ವ್ಯವಹಾರ ಸರಳವಾಗಿತ್ತು. ಮರಿಗಳನ್ನು ಅಕ್ಕ ಬೆಚ್ಚಗಿಟ್ಟು ಸಾಕಬೇಕು. ಗುರುತು ಸಿಕ್ಕ ಮೇಲೆ ಹೆಣ್ಣು ಬೇರೆ, ಗಂಡು ಬೇರೆ ಬುಟ್ಟಿಗೆ ಹಾಕಬೇಕು. ಗಂಡು ಆದೋನಿಯ ಮಾಂಸದಂಗಡಿಗೆ. ಹೆಣ್ಣು ಹಳ್ಳಿಯ ಹೆಂಗಸರಿಗೆ. ಅವರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಬದಲಿಗೆ ನಾಟಿ ಕೋಳಿ ಕೊಟ್ಟರೂ ಆದೀತು. "ನಮ್ಮ ಹೆಣ್ಮಕ್ಕಳೂ ನಾಕು ತತ್ತಿ ಮಾರಿ ಉಪ್ಪು ಎಣ್ಣಿ ತರಲಿ ಅಕ್ಕಾ" ಎಂದ. ಆ ಮಾತು ಹುಸೇನಮ್ಮನಿಗೆ ಹಿಡಿಸಿತು.

ಹೊಸ ಜಾತಿಗಳು. ಆಕೆ ಹೊಸದಾಗಿ ಕಲಿಯಬೇಕಾಯಿತು. ಬೂದು ಪಟ್ಟೆಯ ಜಾತಿಯ ಮರಿಗಳು ಸುಲಭ: ಕರಿ ಮೈ, ನೆತ್ತಿಯ ಮೇಲೆ ಬಿಳಿ ಚುಕ್ಕೆ. ಚುಕ್ಕೆ ಹಿಟ್ಟು ಚೆಲ್ಲಿದ ಹಾಗೆ ಹರಡಿದ್ದರೆ ಗಂಡು, ಬೊಟ್ಟಿನ ಹಾಗೆ ಪುಟ್ಟದಾಗಿದ್ದರೆ ಹೆಣ್ಣು. ಮೊದಲ ಕಂತಿನಲ್ಲಿ ಆಕೆ ಯಾವುದನ್ನೂ ಕೊಡಲಿಲ್ಲ, ತಾನಂದುಕೊಂಡದ್ದು ನಿಜವೋ ಅಲ್ಲವೋ ಎಂದು ಬೆಳೆಯುವ ತನಕ ಇಟ್ಟುಕೊಂಡು ನೋಡಿದಳು. ಕೆಂಪು ಜಾತಿಯವು ಆಕೆಯನ್ನು ಬಹಳ ಆಡಿಸಿದವು; ಗರಿ ಮೂಡುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಬಿಳಿ ಜಾತಿಗೆ ಜುಟ್ಟೇ ಗುರುತು. ಗಂಡಿನ ಜುಟ್ಟು ಬೇಗ ಎದ್ದು ಕೆಂಪಾಗುತ್ತದೆ, ಹೆಣ್ಣಿನದು ಹಳದಿಯಾಗಿ ಚಪ್ಪಟೆ ಮಲಗಿರುತ್ತದೆ. ಆದರೆ ಮೊಟ್ಟೆಗೆ ಬರುವ ಹೊತ್ತಿಗೆ ಹೆಣ್ಣಿಗೂ ಜುಟ್ಟು ದೊಡ್ಡದಾಗಿ ಒಂದು ಪಕ್ಕಕ್ಕೆ ಜೋತು ಬೀಳುತ್ತದೆ. ನಾಟಿ ಕೋಳಿ ಮಾತ್ರ ಕಂಡವರಿಗೆ ಅದು ಹುಂಜವೇ.

ಲಾಟೀನಿನ ಕಾವಿನಲ್ಲಿ ಮರಿಗಳನ್ನಿಟ್ಟು, ಕಾಗೆ ಬೆಕ್ಕು ಬರದಂತೆ ಕಾಯ್ದು, ರಾಗಿ ನುಚ್ಚು ಹಾಕಿ ಬೆಳೆಸಿದಳು. ಹೆಣ್ಣು ಮರಿಗಳ ಬುಟ್ಟಿಗೆ ಕೆಂಪು ಬಟ್ಟೆ, ಗಂಡಿನ ಬುಟ್ಟಿಗೆ ಬರಿ ಗೋಣಿ. ಯಂಕಣ್ಣ ಬಂದು ಎರಡನ್ನೂ ಜಟಕಾದಲ್ಲಿ ಏರಿಸಿಕೊಂಡು ಹೋಗುವನು. ಒಮ್ಮೆ ಬರುವಾಗ ಅಕ್ಕನಿಗೆ ಒಂದು ಎಮ್ಮಿಗನೂರು ಸೀರೆ ತಂದ. ಮಳೆಗೆ ಸೋರುತ್ತಿದ್ದ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದ. "ಹೊಟ್ಟಿಲೆ ಹುಟ್ಟಿದ ಮಗ ಇಷ್ಟು ಮಾಡ್ತಿದ್ನೋ ಇಲ್ಲೋ" ಎಂದು ಹುಸೇನಮ್ಮ ಬಾವಿಕಟ್ಟೆಯಲ್ಲಿ ಹೇಳಿಕೊಂಡಳು.

ಪಕ್ಕದ ಹಳ್ಳಿಯ ವೆಂಕಮ್ಮ ವಯಸ್ಸಾದ ವಿಧವೆ. ಹುಸೇನಮ್ಮ ಆಕೆಯನ್ನು ಅತ್ತೆ ಎಂದೇ ಕರೆಯುತ್ತಿದ್ದಳು. ಆಕೆ ಒಂದು ದಿನ ಸಂತೆಯಲ್ಲಿ ಸಿಕ್ಕಳು.

"ಹುಸೇನಮ್ಮ, ನಿನ್ನ ತಮ್ಮ ಕೊಟ್ಟ ಬಿಳೇ ಹ್ಯಾಟಿಗಳಿಗೆ ಜುಟ್ಟು ಹಿಂಗ ಕೆಂಪಗ ಎದ್ದೈತಲ್ಲವ್ವ? ನನ್ನ ಹಳೇ ಕೋಳಿ ಎಲ್ಲ ಅವಕ್ಕ ಬದಲಿ ಕೊಟ್ಟೀನಿ. ಮನಿಗೆ ಬಂದು ಒಂದೀಟು ನೋಡ್ತೀಯೇನು?"

ಮಾರೆಪ್ಪ ಸಂತೆಚೀಲ ಹೊತ್ತು ಪಕ್ಕದಲ್ಲೇ ನಿಂತಿದ್ದ. ಹುಸೇನಮ್ಮನಿಗೆ ಅಂದು ಮನೆಗೆ ಹೋಗುವ ಅವಸರ. ಹೊಸ ಮರಿಗಳು ಬರುವುದಿತ್ತು. "ಹೆದರಬ್ಯಾಡ ಅತ್ತಿ. ಆ ಜಾತಿ ಹೆಣ್ಣಿಗೂ ಜುಟ್ಟು ದೊಡ್ಡದು. ನಾನಽ ಕೈಯಾರೆ ಆರಿಸಿ ಕೊಟ್ಟೀನಿ, ನೋಡೋದೇನೈತಿ?" ಎಂದಳು.

ವೆಂಕಮ್ಮನ ಮುಖ ಹಗುರಾಯಿತು. "ನೀ ಅಂದಿ ಅಂದ್ರ ಮುಗೀತು ಬಿಡು" ಎಂದು ಹೋದಳು. ಅಂಥದ್ದೇ ಪ್ರಶ್ನೆಯನ್ನು ಇನ್ನೂ ಇಬ್ಬರು ಕೇಳಿದರು. ಹುಸೇನಮ್ಮ ಅವರಿಗೂ ಅದೇ ಉತ್ತರ ಕೊಟ್ಟಳು.

ಸುಗ್ಗಿ ಮುಗಿಯುವ ಹೊತ್ತಿಗೆ ಕೋಳಿಗಳು ಕೂಗಿದವು. ಮೊದಲು ಒಂದು ಮನೆಯಲ್ಲಿ ಗಂಟಲು ಸಿಕ್ಕಿಕೊಂಡಂತೆ ಒಡಕು ಕೂಗು. ಆಮೇಲೆ ಪಕ್ಕದ ಮನೆಯಲ್ಲಿ. ವಾರ ಕಳೆಯುವುದರೊಳಗೆ ಬೆಳಗಾದರೆ ಬೀದಿಗೆ ಬೀದಿಯೇ ಕೂಗತೊಡಗಿತು. ಬುಟ್ಟಿಯಲ್ಲಿ ಮೆತ್ತೆ ಹಾಕಿ ಮೊಟ್ಟೆಗಾಗಿ ಕಾದಿದ್ದ ಹೆಂಗಸರು ಬಿಳಿ ಹುಂಜಗಳನ್ನು ಕಂಕುಳಲ್ಲಿ ಅವುಚಿಕೊಂಡು ಹುಸೇನಮ್ಮನ ಅಂಗಳಕ್ಕೆ ಬಂದರು. ಮೂರು ಊರಿನವರು. ಎಲ್ಲರಿಗಿಂತ ಮುಂದೆ ವೆಂಕಮ್ಮ.

"ತಗೋ, ನಿನ್ನ ಹ್ಯಾಟಿ" ಎಂದು ಹುಂಜವನ್ನು ಆಕೆಯ ಕಾಲ ಬಳಿ ಬಿಟ್ಟಳು. ಅದು ಮೈ ಕೊಡವಿಕೊಂಡು, ರೆಕ್ಕೆ ಬಡಿದು, ಅಲ್ಲೇ ಕೂಗಿತು. ಹಿಂದಿನಿಂದ ಯಾರೋ ನಕ್ಕರು. ನಗುವಿನ ಹಿಂದೆಯೇ ಬೈಗುಳ ಬಂತು.

"ನಾ ಗಂಡನ್ನ ಕೊಟ್ಟಿಲ್ಲ ಅತ್ತಿ, ದೇವರಾಣಿ. ಎಲ್ಲೋ ಬುಟ್ಟಿ ಅದಲಿಬದಲಿ ಆಗ್ಯಾವ."

"ಒಂದು ಮನಿಗೆ ಅದಲಿಬದಲಿ ಆಗ್ತಾವ. ಮೂರು ಊರಿಗೆ ಆಗ್ತಾವೇನು?" ವೆಂಕಮ್ಮನ ದನಿ ಏರಲಿಲ್ಲ. "ನಿನ್ನ ತಮ್ಮ ಹೇಳಿದಾಗ ನಾ ನಂಬಿದ್ದಿಲ್ಲ. ಸಂತ್ಯಾಗ ನಿಂತು ನೀ ಹೇಳಿದಿ. ಅದಕ್ಕ ನಂಬಿದೆ."

ಮಾರನೆಯ ಬೆಳಿಗ್ಗೆ ಹುಸೇನಮ್ಮ ಬಸ್ಸು ಹತ್ತಿ ಆದೋನಿಗೆ ಹೋದಳು. ದಾರಿಯುದ್ದಕ್ಕೂ ಆಕೆಗೆ ಒಂದೇ ನಂಬಿಕೆ: ಹುಡುಗ ಎಲ್ಲೋ ಗಡಿಬಿಡಿಯಲ್ಲಿ ತಪ್ಪಿದ್ದಾನೆ, ಕೆಂಪು ಬಟ್ಟೆ ಬಿಚ್ಚಿ ಬಿದ್ದಿರಬೇಕು, ಜಟಕಾದವನು ಗೊಂದಲ ಮಾಡಿರಬೇಕು. ತಮ್ಮ ಮಾಂಸದಂಗಡಿಗೆ ಹೆಣ್ಣು ಮರಿ ಕೊಟ್ಟು ತಾನೂ ಮುಳುಗಿದ್ದಾನೋ ಏನೋ ಎಂದು ಮರುಕವೇ ಆಯಿತು. ಹತ್ತಿ ಗಿರಣಿಯ ಹಿಂದಿನ ಅವನ ಮನೆಗೆ ಆಕೆ ಹಿಂದೆ ಒಮ್ಮೆ ಮಾತ್ರ ಬಂದಿದ್ದಳು. ಆಗ ಹಿತ್ತಿಲು ಖಾಲಿಯಿತ್ತು. ಈಗ ತಂತಿ ಬಲೆ ಕಟ್ಟಿತ್ತು, ಒಳಗೆ ಜುಟ್ಟು ಒಂದು ಪಕ್ಕಕ್ಕೆ ಜೋತುಬಿದ್ದ ಬಿಳಿ ಬಿಳಿ ಹೇಂಟೆಗಳು, ಪಟ್ಟೆಯವು, ಕೆಂಪಿನವು. ಎಲ್ಲವೂ ಹೆಣ್ಣು, ಆಕೆ ಆರಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಸೊಟ್ಟ ಬೆರಳಿನ ಒಂದು ಪಟ್ಟೆಯ ಹೇಂಟೆ ಆಕೆಯನ್ನು ಕಂಡು ಬಲೆಯ ಬಳಿಗೆ ಓಡಿ ಬಂತು. ಚಳಿಗೆ ಸಾಯುತ್ತಿದ್ದ ಅದನ್ನು ಆಕೆ ಸೆರಗಿನೊಳಗಿಟ್ಟು ಉಳಿಸಿದ್ದಳು. ಪಕ್ಕದಲ್ಲಿ ಹೋಟೆಲಿಗೆ ಹೊರಟ ಮೊಟ್ಟೆಗಳು, ಬುಟ್ಟಿ ಬುಟ್ಟಿ, ಹುಲ್ಲಿನಲ್ಲಿ.

ಯಂಕಣ್ಣ ಹೊರಗೆ ಬಂದು ಅಕ್ಕನನ್ನು ನೋಡಿದ, ಆಕೆ ನೋಡುತ್ತಿದ್ದುದನ್ನೂ ನೋಡಿದ. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ಕೂಡು ಅಕ್ಕಾ. ಚಾ ತರಸ್ತೀನಿ."

"ಹಳ್ಳಿಗೆ ಗಂಡು ಕೊಟ್ಟೀಯೇನೋ?"

"ಮಾಂಸದಂಗಡಿಯವ ಸಣ್ಣ ಮರಿಗೆ ಏನು ಕೊಡ್ತಾನ? ಹಳ್ಳ್ಯಾಗಾದ್ರ ಒಂದೊಂದಕ್ಕ ದೊಡ್ಡ ನಾಟಿ ಕೋಳಿ ಕೊಡ್ತಾರ."

"ಅವರು ಬಡವರೋ ಯಂಕಾ. ಹೆಣ್ಣಂತ ತಿಳಿದು ತಗೊಂಡಾರ."

"ನಾನು ಹೇಳಿದ್ರ ಯಾರು ತಗೋತಿದ್ರು? ಹುಸೇನಮ್ಮ ಆರಿಸ್ಯಾಳ ಅಂದೆ. ಅಷ್ಟಽ ಸಾಕಾಯ್ತು." ಹೊಗಳಿಕೆಯ ಮಾತೆಂಬಂತೆ ಅದನ್ನು ಹೇಳಿದ. ಆಕೆ ಬಲೆಯ ಕಡೆಗೇ ನೋಡುತ್ತಿದ್ದುದನ್ನು ಕಂಡು ಸಿಟ್ಟಾದ. "ಸೀರಿ ಉಟ್ಟಿ, ಮಾಳಿಗಿ ಹಾಕಿಸ್ಕೊಂಡಿ. ಅವೆಲ್ಲ ಮಳಿ ಸುರದಂಗ ಸುರದ್ವು ಅಂದ್ಕೊಂಡೀಯೇನು? ಮಾರೆಪ್ಪ ಮಾಮಗ ಎಲ್ಲಾ ಗೊತ್ತೈತಿ. ಅವನಽ ಕೇಳು."

ಹುಸೇನಮ್ಮ ಚಹಾ ಮುಟ್ಟದೆ ಹೊರಟಳು.

ಮಾರೆಪ್ಪ ಅಂಗಳದಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ಆಕೆ ಎದುರು ನಿಂತು, "ನಿನಗ ಗೊತ್ತಿತ್ತಾ?" ಎಂದಳು. ಅವನ ಕೈ ನಿಂತಿತು. ಮತ್ತೆ ಹೊಸೆಯತೊಡಗಿತು.

"ಗೊತ್ತಿತ್ತು. ನಿನಗ ಹೇಳಿದ್ರ ನೀ ಮರಿ ಆರಿಸ್ತಿದ್ದಿಲ್ಲ."

"ಸಂತ್ಯಾಗ ನಾ ವೆಂಕಮ್ಮತ್ತಿಗೆ ಹೇಳೋ ಮುಂದ ನೀ ಬಾಜೂಕ ನಿಂತಿದ್ದಿ."

"ನಿಂತಿದ್ದೆ."

ಅಷ್ಟೇ. ಆತ ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ಇಷ್ಟು ವರ್ಷದಲ್ಲಿ ಆಕೆಗೆ ಒಂದು ಬಿರುನುಡಿ ಆಡಿದವನಲ್ಲ. ಅದಕ್ಕೇ ಆ "ನಿಂತಿದ್ದೆ" ಎಂಬ ಮಾತು ಆಕೆಗೆ ತಮ್ಮನ ಎಲ್ಲ ಮಾತಿಗಿಂತ ಆಳಕ್ಕೆ ಇಳಿಯಿತು. ತನ್ನ ಕಣ್ಣನ್ನು ಒಬ್ಬ ಬಳಸಿಕೊಂಡ, ತನ್ನ ನಾಲಿಗೆಯನ್ನು ಇನ್ನೊಬ್ಬ. ಇಬ್ಬರೂ ತನ್ನ ಕೈಯ ರೊಟ್ಟಿ ತಿಂದವರು.

ಆಕೆ ಅಳಲಿಲ್ಲ. ತವರಿನಿಂದ ಬಂದ ಜಾತಿಯ ಅಸೀಲ್ ಹೇಂಟೆಗಳು ಗೂಡಿನಲ್ಲಿದ್ದವು, ಕಾವು ಕೂಡುವುದರಲ್ಲಿ ಹೆಸರಾದವು. ಅವುಗಳನ್ನು ಬುಟ್ಟಿಯಲ್ಲಿ ಹೊತ್ತು ಮೊದಲು ವೆಂಕಮ್ಮನ ಮನೆಗೆ ಹೋದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿ ಒಂದು ಹೇಂಟೆಯನ್ನು ಮುಂದೆ ಹಿಡಿದಳು. ವೆಂಕಮ್ಮ ಕೈ ಚಾಚಲಿಲ್ಲ.

"ನೀ ಖರೇ ಹೇಳ್ತಿ ಅಂತ ಅನಸ್ತೈತಿ. ಆದ್ರ ಆವತ್ತು ಸಂತ್ಯಾಗೂ ಹಂಗಽ ಅನಿಸಿತ್ತವ್ವ" ಎಂದಳು. ಕೊನೆಗೆ ಆಕೆಯ ಸೊಸೆ ಬಂದು ಕೋಳಿಯನ್ನು ಇಸಕೊಂಡಳು.

ಹುಸೇನಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಯಂಕಣ್ಣನ ಜಟಕಾ ಹೋದ ಊರಿಗೆಲ್ಲ ನಡೆದುಹೋಗಿ, ಬಾವಿಕಟ್ಟೆ, ಹಿಟ್ಟಿನ ಗಿರಣಿ, ಸಂತೆ, ನಾಲ್ಕು ಹೆಂಗಸರು ಸೇರುವಲ್ಲೆಲ್ಲ ನಿಂತು ಹೇಳಿದಳು: "ಆರಿಸಿದಾಕಿ ನಾನು. ನಿಮಗ ಗಂಡು ಕೊಟ್ಟಾತ ನನ್ನ ತಮ್ಮ ಯಂಕಣ್ಣ. ಗೊತ್ತಿದ್ದೂ ಸುಮ್ಮನಿದ್ದಾತ ನನ್ನ ಗಂಡ. ಇನ್ನ ನನ್ನ ಹೆಸರ ಹೇಳಿ ಯಾರು ಮರಿ ತಂದ್ರೂ ತಗೋಬ್ಯಾಡ್ರಿ." ಗೂಡಿನ ಕೋಳಿ ಮುಗಿಯುವವರೆಗೆ ಕೊಟ್ಟಳು. ಆಮೇಲೆ ಬರಿಗೈಯಲ್ಲಿ ಹೋಗಿ ಹೇಳಿ ಬಂದಳು. ಬೈದವರಿಂದ ಬೈಸಿಕೊಂಡಳು.

ಸುದ್ದಿ ಆದೋನಿ ಮುಟ್ಟಲು ತಡವಾಗಲಿಲ್ಲ. ಹೋಟೆಲಿನವನು ಯಂಕಣ್ಣನ ಮೊಟ್ಟೆ ಕೊಳ್ಳುವುದನ್ನು ಬಿಟ್ಟ. ಇವನಿಂದ ಕೊಂಡರೆ ಹಳ್ಳಿಯ ಗಿರಾಕಿಗಳು ತನ್ನನ್ನೂ ಅದೇ ಸಾಲಿಗೆ ಸೇರಿಸುತ್ತಾರೆಂದು ಅವನಿಗೆ ಅಂಜಿಕೆ. ಒಂದು ಮಧ್ಯಾಹ್ನ ಯಂಕಣ್ಣ ಬಂದು ಹೊಸ್ತಿಲಾಚೆ ನಿಂತ.

"ಊರೂರು ತಿರುಗಿ ನನ್ನ ಹೆಸರು ಹಾಳು ಮಾಡಿದಿಯಲ್ಲ ಅಕ್ಕಾ. ಒಡಹುಟ್ಟಿದಾಕಿ ಮಾಡೋ ಕೆಲಸಾನಾ ಇದು?"

"ನಿನ್ನ ಹೆಸರು ನೀನಽ ಎಲ್ಲಿ ಹೇಳಿದ್ದೀ ಹಾಳಾಗಾಕ? ನನ್ನದಽ ಹೇಳಿಕೊಂಡು ತಿರುಗಿದಿ."

"ನನ್ನ ಎತ್ತಿ ಬೆಳಸಿದಾಕಿ ನೀನು."

"ಹೌದು" ಎಂದಳು ಹುಸೇನಮ್ಮ. ಒಳಗೆ ಹೋಗಿ ಆ ಸೀರೆ ತಂದು ಹೊಸ್ತಿಲ ಮೇಲಿಟ್ಟಳು. ಅವನು ಅದನ್ನು ತೆಗೆದುಕೊಳ್ಳದೆಯೇ ಹೋದ. ಆ ವರ್ಷವೇ ಗುಂತಕಲ್ಲಿಗೆ ಸಂಸಾರ ಎತ್ತಿದ. ಮುಂದೆ ಹುಟ್ಟಿದ ತನ್ನ ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳಕ್ಕೂ ಅಕ್ಕನನ್ನು ಕರೆಯಲಿಲ್ಲ. ನೆಂಟರಲ್ಲಿ ಹಲವರು ತಪ್ಪು ಹುಸೇನಮ್ಮನದೇ ಎಂದರು: ಕೋಳಿಗಾಗಿ ತಮ್ಮನನ್ನು ಬೀದಿಗೆ ಎಳೆದಳು ಎಂದು. ಮಾರೆಪ್ಪ ಯಾರ ಮಾತಿಗೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಕೆ ಅವನಿಗೆ ಅಡಿಗೆ ಮಾಡಿ ಹಾಕಿದಳು, ಜ್ವರ ಬಂದರೆ ಕಷಾಯ ಕೊಟ್ಟಳು. ಆದರೆ ತನ್ನ ಮನಸ್ಸಿನ ಮಾತನ್ನು ಅವನ ಮುಂದೆ ಮತ್ತೆ ಆಡಲಿಲ್ಲ.

ಹೆಂಗಸರು ನಿಧಾನವಾಗಿ ಮತ್ತೆ ಮರಿ ತರತೊಡಗಿದರು. ಈಗ ಆಕೆ ತಾನು ಹೇಳುವ ಮುಂಚೆ ಅವರ ಕೈಗೇ ಮರಿ ಕೊಟ್ಟು, ರೆಕ್ಕೆ ಅವರಿಂದಲೇ ಬಿಡಿಸಿ, "ಇಲ್ಲಿ ನೋಡು, ಇಲ್ಲಿ ಮುಟ್ಟು" ಎಂದು ತೋರಿಸಿ ಕಳಿಸುವಳು. ಮುಂದಿನ ಮಳೆಗಾಲದ ಹೊತ್ತಿಗೆ ವೆಂಕಮ್ಮನೂ ಬಂದಳು. ಹುಸೇನಮ್ಮ ನೋಡಿ, "ಇವೆರಡು ಹ್ಯಾಟಿ ಅತ್ತಿ" ಎಂದಳು. ವೆಂಕಮ್ಮ ತಲೆಯಾಡಿಸಿ, ಮರಿಗಳನ್ನು ಮಡಿಲಿಗೆ ಹಾಕಿಕೊಂಡು ಹೊರಟಳು. ಬೀದಿಯ ಕೊನೆಯಲ್ಲಿ ತನ್ನೂರಿನ ದಾರಿ ಹಿಡಿಯದೆ, ಕೋಳಿ ಸಾಕುವ ಇನ್ನೊಬ್ಬರ ಬಾಗಿಲಲ್ಲಿ ನಿಂತು ಅವೇ ಮರಿಗಳನ್ನು ತೆಗೆದು ತೋರಿಸಿದಳು.

ಹುಸೇನಮ್ಮ ಅದನ್ನು ಕಟ್ಟೆಯ ಮೇಲಿಂದ ನೋಡಿದಳು. ವೆಂಕಮ್ಮನ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಅನ್ನಿಸಿತು. ಆದರೂ ಆ ದಿನ ಆಕೆಗೆ ಊಟ ಸೇರಲಿಲ್ಲ.