ಕಲ್ಲಮ್ಮ ಹೆಣೆದ ಸಣ್ಣ ಕಣ್ಣಿನ ಬಲೆ

ಕುಣಿಗಲ್ ದೊಡ್ಡಕೆರೆಯ ಮೀನುಗಾರರಲ್ಲಿ ಕಲ್ಲಮ್ಮನ ಬಾಯಿಗೆ ಹೆದರದವರಿಲ್ಲ. ಹಗ್ಗ, ನೂಲು, ಟಾರ್ಪಾಲು ಮಾರುವ ನಾನೂ ಹೆದರುತ್ತೇನೆ. ಮಿಷಿನ್ ಬಲೆ ಕೆ.ಜಿ. ಲೆಕ್ಕದಲ್ಲಿ ಸಿಗುವ ಈ ಕಾಲದಲ್ಲೂ ಅವಳು ಹಟಕ್ಕೆ ಬಿದ್ದವಳಂತೆ ಕೈಯಲ್ಲೇ ಹೆಣೆಯುತ್ತಾಳೆ. ಅವಳ ಬಲೆಯ ಒಂದೊಂದು ಕಣ್ಣಿನಲ್ಲೂ ನಾಲ್ಕು ಬೆರಳು ಸಲೀಸಾಗಿ ತೂರಬೇಕು. ಮರಿಮೀನು ತಪ್ಪಿಸಿಕೊಂಡು ಹೋಗಬೇಕು ಅನ್ನುವುದು ಅವರ ಮನೆತನದ ಕಟ್ಟಳೆ, ಗಂಗಮ್ಮನಿಗೆ ಕೊಟ್ಟ ಮಾತು. ಹೋದ ವರ್ಷ ಅವಳ ಅಣ್ಣನ ಮಗ ತಿಮ್ಮರಾಜು ಸಣ್ಣ ಕಣ್ಣಿನ ಬಲೆ ತಂದು ಕೆರೆಗೆ ಬಿಟ್ಟಾಗ, ಅದನ್ನು ಏರಿಯ ಮೇಲೆ ಎಳೆದುಹಾಕಿ ಎಲ್ಲರೆದುರಿಗೆ ಸೀಮೆಎಣ್ಣೆ ಸುರಿದು ಸುಟ್ಟಳು. "ಬಸುರಿ ಹೊಟ್ಟೆಗೆ ಕೈ ಹಾಕೋ ಬಲೆ ಕಣೋ ಇದು" ಎಂದು ಅವನ ಜನ್ಮ ಜಾಲಾಡಿದಳು.

ಅವಳ ಒಬ್ಬನೇ ಮಗ ಕನಕರಾಜು ಮಿಲಿಟರಿಯಲ್ಲಿ ಲಾರಿ ಡ್ರೈವರ್, ಗಡಿ ಕಡೆ ಎಲ್ಲೋ ಇದ್ದಾನೆ. ಈ ಬೇಸಿಗೆಯಲ್ಲಿ ಗಡಿಗೆ ಡ್ರೋನ್‌ಗಳು ನುಗ್ಗಿದವು ಎಂದು ಟೀವಿಯವರು ಅರಚಿದ್ದೇ ಅರಚಿದ್ದು. ಹಂಗಂದ್ರೇನು ಅಂತ ಕಲ್ಲಮ್ಮ ಕೇಳಿದಳು. "ಗುಬ್ಬಿ ಊರಿನ ಮದ್ವೇಲಿ ತಲೆ ಮೇಲೆ ಗುಂಯ್ ಅಂತ ಫೋಟೋ ಹೊಡೀತಲ್ಲ, ಅದೇ ಕಣಕ್ಕ" ಎಂದು ನಾನು ತೇಲಿಸಿಬಿಟ್ಟೆ.

ಅವಳದ್ದು ಬಟನ್ ಫೋನು. ಅದಕ್ಕೇ ಮಗ ಭಾನುವಾರ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡುತ್ತಾನೆ. ಒಂದು ಭಾನುವಾರ ಅವಳು ಮಗನ ಮುಖ ನೋಡಲೇ ಇಲ್ಲ, ಅವನ ತಲೆಯ ಮೇಲೆ ನೋಡುತ್ತಿದ್ದಳು.

"ಅದ್ಯಾಕ್ಲಾ ಶೆಡ್ ಮೇಲೆ ಬಲೆ ಕಟ್ಟಿದೀರ?"

"ಡ್ರೋನಿಗೆ ಕಣವ್ವ. ಆಟದ ಸಾಮಾನಿನಂಗೆ ಅಗ್ಗವಾಗಿ ಸಾವಿರಗಟ್ಲೆ ಮಾಡಿ ಬಿಡ್ತಾರೆ. ಒಂದನ್ನ ಹೊಡೆದ್ರೆ ಹಿಂದೇನೇ ಇನ್ನೊಂದು, ಹೊಟ್ಟೆ ತುಂಬ ಸಿಡಿಮದ್ದು. ಬಲೇಲಿ ಅದ್ರ ಫ್ಯಾನ್ ಸಿಕ್ಕಾಕೊಂಡ್ರೆ ನಾವು ಬದುಕ್ಕೊಂಡಂಗೆ."

"ಆ ಬಲೆ ಹರಿದೈತೆ. ನಿನ್ನ ತಲೆ ಮೇಲೇ ಹರಿದೈತೆ."

ಕನಕರಾಜು ಕತ್ತೆತ್ತಿ ನೋಡಿ ನಕ್ಕ. ಇವಳು ನಗಲಿಲ್ಲ, ತಾನೇ ಹೆಣೆದು ಕಳಿಸುತ್ತೇನೆ ಎಂದಳು.

"ನಿನ್ನ ನಾಲ್ಕು ಬೆರಳಿನ ಕಣ್ಣು ಆಗಲ್ಲ ಅವ್ವ. ಕೆಲವು ಮೇಲಿಂದಾನೇ ನಿಂಬೆಹಣ್ಣಿನ ಗಾತ್ರದ ಬಾಂಬ್ ಉದುರಿಸ್ತವೆ. ಅವು ತೂರ್ಕೊಂಡು ಬಂದ್ಬುಡ್ತವೆ."

ಫೋನ್ ಇಟ್ಟ ಮೇಲೆ ಅವಳು ತನ್ನ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡಳು. "ಸರ್ಕಾರ ನೋಡ್ಕೊಳ್ತದೆ ಬುಡಕ್ಕ" ಎಂದೆ.

"ಹರಿದಿರೋದು ಸರ್ಕಾರದ ಬಲೇನೇ ಅಲ್ವೇನಣ್ಣ?"

ಅವಳು ನೇರ ಏರಿಯ ಗಂಗಮ್ಮನ ಗುಡಿಗೆ ಹೋದಳು. ಹೊರಗೆ ನಿಂತಿದ್ದ ನನಗೂ ಕೇಳುವಂತೆ, "ನಿಂಗೆ ಕೊಟ್ಟ ಮಾತು ಮುರೀತಿದೀನಿ ತಾಯಿ. ಶಾಪ ಕೊಡೋದಾದ್ರೆ ನಂಗೆ ಕೊಡು, ಮಗನ್ನ ಮುಟ್ಬೇಡ" ಎಂದಳು. ದೇವರೊಂದಿಗೂ ಜಗಳದ ಧಾಟಿಯೇ.

ಅವಳ ಮನೆ ಜಗುಲಿಯ ಮೇಲೆ ಎರಡು ಬೆರಳೂ ತೂರದ ಬಲೆ ಬೆಳೆಯತೊಡಗಿತು. ಸುದ್ದಿ ತಿಳಿದು ತಿಮ್ಮರಾಜು ಬಂದ. ಸುಟ್ಟ ಬಲೆಯ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ.

"ಈಗ ಸೀಮೆಎಣ್ಣೆ ನಾನ್ ತರ್ಲಾ ಅತ್ತೆ?"

"ತಾರ್ಲಾ. ಮೊದ್ಲು ನನ್ ಮೇಲೆ ಸುರಿ."

ಅವಳ ಬೆರಳ ಸಂದುಗಳಲ್ಲಿ ನೈಲಾನ್ ಕೊಯ್ದು ರಕ್ತ ಒಸರುತ್ತಿತ್ತು. ಅದನ್ನು ನೋಡಿ ತಿಮ್ಮರಾಜು ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡತೊಡಗಿದ. ಬಲೆ ಮುಗಿದಾಗ ಅವನೇ ಬೈಕಿನಲ್ಲಿ ಕಟ್ಟಿಕೊಂಡು ತುಮಕೂರಿಗೆ ಹೋಗಿ ಪೋಸ್ಟ್ ಮಾಡಿ ಬಂದ.

ಕೆಲವು ವಾರಗಳ ಮೇಲೆ ಮಗನ ಕಾಲ್ ಬಂತು. ಬಲೆ ತಲೆಯ ಮೇಲೆ ಬಿಗಿಯಾಗಿ ನಿಂತಿತ್ತು. "ಒಂದು ಬಾಂಬೂ ತೂರಲ್ಲ ಕಣವ್ವ. ಎಲ್ರೂ ಇದ್ರ ಕೆಳಗೇ ಮಲಗೋದು" ಎಂದ. ಅಷ್ಟು ದಿನದ ಮೇಲೆ ಕಲ್ಲಮ್ಮನ ಮುಖ ಅರಳಿದ್ದು ಕಂಡು ನನಗೂ ಜೀವ ಬಂದಂತಾಯಿತು. ಅಷ್ಟರಲ್ಲಿ ಅವನ ಹಿಂದೆ ಯಾರೋ ಕೂಗಿದರು.

"ಬತ್ತೀನವ್ವ. ಮುಂದಿನ ಗಡಿ ಪೋಸ್ಟಿಗೆ ಲಾರೀಲಿ ರೇಷನ್ ಹೊಡೀಬೇಕು."

"ಅಲ್ಲೀಗಂಟ ಬಲೆ ಐತೇನ್ಲಾ?"

ಕನಕರಾಜು ತಲೆ ಕೆರೆದುಕೊಂಡ. "ಶೆಡ್ಡಿಗೆ ಕಟ್ಬೋದು. ರಸ್ತೆಗೆ ಯಾರವ್ವ ಕಟ್ತಾರೆ?"

ಕಾಲ್ ಮುಗಿಯಿತು. ಕಪ್ಪಾದ ಫೋನನ್ನು ಅವಳು ಕೈಯಿಂದ ಬಿಡಲಿಲ್ಲ.

"ರಂಗಣ್ಣ, ನಿನ್ನ ಅಂಗಡೀಲಿ ನೂಲು ಎಷ್ಟೈತೆ?"

"ಅಕ್ಕ, ಅದು ರಸ್ತೆ. ಎಷ್ಟು ಮೈಲಿ ಐತೋ ಏನೋ."

"ಗೊತ್ತು ಕಣಣ್ಣ" ಎಂದಳು. "ಇರೋದೆಲ್ಲ ತೆಗಿ."